ಪುಟ್ಟೀರಮ್ಮ ಒಲೆ ಬಿಟ್ಟುಕೊಟ್ಟಿದ್ದು

ಈ ಕಡೆ ತಿರುಗಿ ಮಲಕ್ಕೋ. ಕೈ ಬೇಕಾದ್ರೆ ನನ್ನ ಹೊಟ್ಟೆ ಮೇಲೆ ಹಾಕು, ಮಂಡಿ ಮೇಲೆ ಮಾತ್ರ ಕಾಲು ಹಾಕ್ಬೇಡ, ಇವತ್ತು ಅದು ಬೆಳಗ್ಗಿಂದ ನನ್ನ ಮೇಲೆ ಮುನಿಸ್ಕೊಂಡಿದೆ. ರಾಜನ ಕತೆ ಬೇಕಾ? ರಾಜನ ಕತೆ ಇವತ್ತು ನನ್ನ ಕೈಲಾಗಲ್ಲ ಕಣವ್ವ. ರಾಜ ಅಂದ್ರೆ ಕುದುರೆ ಹತ್ತಬೇಕು, ಕಾಡು ದಾಟಬೇಕು, ರಾಕ್ಷಸನ ಹತ್ರ ಗುದ್ದಾಡಬೇಕು, ಅಷ್ಟು ತ್ರಾಣ ಯಾರಿಗಿದೆ. ಒಲೆ ಮುಂದೆ ಕೂತಿದ್ದ ಒಬ್ಬ ಹೆಂಗಸಿನ ಕತೆ ಹೇಳ್ತೀನಿ. ಎಲ್ಲಿಗೂ ಹೋಗೋದು ಬೇಡ, ಕೂತಲ್ಲೇ ಆಗುತ್ತೆ. ನೀನು ಹೂಂ ಅಂತಿರು, ಹೂಂ ನಿಂತ್ರೆ ನಾನೂ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಅದು ಎಷ್ಟು ಹಿಂದೆ ಅಂದ್ರೆ ನಮ್ಮಜ್ಜಿಗೆ ಅವರಜ್ಜಿ ಹೇಳೋ ಹೊತ್ತಿಗೇ ಹಳೇದಾಗಿತ್ತಂತೆ, ಒಂದು ರಾಗಿ ಬೆಳೆಯೋ ಊರಲ್ಲಿ ಪುಟ್ಟೀರಮ್ಮ ಅಂತ ಒಬ್ಬಳಿದ್ಲಂತೆ. ಅವಳ ಗಂಡ ಮಾದಯ್ಯ, ಮೂರು ಜನ ಗಂಡುಮಕ್ಕಳು, ಆ ಮೂವರಿಗೂ ಮದುವೆಯಾಗಿ ಮೂರು ಜನ ಸೊಸೆಯಂದಿರು, ಆಮೇಲೆ ಮೊಮ್ಮಕ್ಕಳು, ಆಮೇಲೆ ಆಳುಕಾಳು, ಆಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಬರೋ ನೆಂಟರು, ಇಷ್ಟೂ ಜನದ ಹೊಟ್ಟೆ ಅವಳೊಬ್ಬಳ ಕೈಲಿತ್ತಂತೆ. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಎಷ್ಟು ಚಿಕ್ಕೋಳು ಅಂದ್ರೆ, ಮಡಕೆ ಬಾಯಿ ಎಟಕಲ್ಲ ಅಂತ ಅತ್ತೆ ಅವಳನ್ನ ಮಣೆ ಮೇಲೆ ನಿಲ್ಲಿಸಿ ಸಾರು ತಿರುವಿಸ್ತಿದ್ರಂತೆ. ಅವತ್ತು ಕೈಗೆ ಬಂದ ಸೌಟನ್ನ ಅವಳು ಆಮೇಲೆ ಕೆಳಗಿಟ್ಟೇ ಇರಲಿಲ್ಲ.

ಸೊಸೆಯಂದಿರು ಇದ್ರಲ್ಲ, ಅವರೇನು ಮಾಡ್ತಿದ್ರು ಅಂತ ಕೇಳ್ತೀಯಾ? ಕೇಳು, ಕೇಳಬೇಕಾದ್ದೇ. ನೀರು ಸೇದ್ತಿದ್ರು, ಹಿಟ್ಟು ಬೀಸ್ತಿದ್ರು, ಹೊಲಕ್ಕೆ ಹೋಗ್ತಿದ್ರು, ಹಸು ಕರೀತಿದ್ರು, ಸೋಮಾರಿಗಳೇನಲ್ಲ ಪಾಪ. ಆದ್ರೆ ಆ ಊರಲ್ಲಿ ಒಂದು ಮನೆಗೆ ಒಂದೇ ಸೌಟಂತೆ. ಸೌಟು ಯಾರ ಕೈಲಿದೆಯೋ ಅವಳೇ ಒಲೆ ಹಚ್ಚಬೇಕು, ಅವಳೇ ಬೇಯಿಸಬೇಕು, ಅವಳೇ ಬಡಿಸಬೇಕು. ಉಳಿದವರು ತರಕಾರಿ ಹೆಚ್ಚಿಕೊಡಬಹುದು, ಅಷ್ಟೇ, ಒಲೆ ಮೇಲಿನ ಪಾತ್ರೆಗೆ ಕೈ ಹಾಕೋ ಹಾಗಿಲ್ಲ. ಗಂಡಸರದಾಗಿ, ಮಕ್ಕಳದಾಗಿ, ಆಳುಗಳದಾಗಿ, ಸೊಸೆಯಂದಿರದಾಗಿ, ಕೊನೆಗೆ ಸೌಟಿನವಳ ಊಟ. ಅಷ್ಟು ಹೊತ್ತಿಗೆ ಮುದ್ದೆ ತಣ್ಣಗೆ ಕಲ್ಲಾಗಿ ಕೂತಿರ್ತಿತ್ತು, ಸಾರು ಅಡಿ ಸೇರಿರ್ತಿತ್ತು. ಪುಟ್ಟೀರಮ್ಮ ಅದನ್ನೇ ನಿಂತ್ಕೊಂಡೇ ನುಂಗಿ, ಆಮೇಲೆ ಪಾತ್ರೆ ತೊಳ್ಕೊಂಡು, ಆಮೇಲೆ ಸಾಯಂಕಾಲದ ಅಡಿಗೆಗೆ ಕಾಳು ನೆನೆಹಾಕ್ತಿದ್ಲಂತೆ.

ಅವಳಿಗೆ ದಣಿವಾಗಿತ್ತು ಕಣವ್ವ. ಒಂದು ದಿನದ ದಣಿವಾದ್ರೆ ಮಲಗಿ ಎದ್ರೆ ಹೋಗುತ್ತೆ. ಇದು ಮೂಳೆಗೆ ಇಳಿದಿದ್ದ ದಣಿವು. ಹೊಗೆ ಕುಡಿದು ಕುಡಿದು ಕಣ್ಣು ಸದಾ ಕೆಂಪಗಿರ್ತಿತ್ತು, ಪಾದ ಊದ್ಕೊಂಡು ಸಾಯಂಕಾಲದ ಹೊತ್ತಿಗೆ ಕಾಲುಂಗುರ ಒಳಗೆ ಹೂತುಹೋಗ್ತಿತ್ತು, ಮುದ್ದೆ ತೊಳಸೋಕೆ ಕೋಲು ಹಿಡಿದ್ರೆ ಭುಜ ಕಳಚಿ ಬಂದ ಹಾಗಾಗ್ತಿತ್ತಂತೆ. ಅವಳಿಗೆ ಚಿನ್ನ ಬೇಡ, ಸೀರೆ ಬೇಡ, ಕಾಶಿ ರಾಮೇಶ್ವರ ಏನೂ ಬೇಡ. ಗೋಡೆಗೆ ಒರಗಿ ಕಾಲು ಚಾಚಿ ಕೂತ್ಕೊಂಡು, ಬೇರೆಯವರು ಮಾಡಿದ್ದನ್ನ ಬೇರೆಯವರೇ ತಂದು ಬಡಿಸಿ, ಹಬೆ ಆಡ್ತಿರೋವಾಗ್ಲೇ ಒಂದು ತುತ್ತು ಉಣ್ಣಬೇಕು, ಇಷ್ಟೇ ಅವಳ ಆಸೆ. ಇದನ್ನ ಯಾರ ಹತ್ರ ಹೇಳ್ತಾಳೆ? ಕೊಟ್ಟಿಗೇಲಿ ಹಸು ಹತ್ರ ಹೇಳ್ಕೊಂಡು ಸೆರಗಲ್ಲಿ ಕಣ್ಣೊರೆಸ್ಕೊಂಡು ಬರ್ತಿದ್ಲಂತೆ.

ಇದಕ್ಕೆ ಆ ಊರಲ್ಲಿ ಒಂದು ದಾರಿ ಇತ್ತು. ಒಲೆ ಬಿಡೋದು ಅಂತ. ಸುಗ್ಗಿ ಕಾಲದಲ್ಲಿ ಸೌಟಿನವಳು ನನಗೆ ಸಾಕಾಯ್ತು, ಒಲೆ ಬಿಡ್ತೀನಿ ಅಂತ ಹೇಳಿದ್ರೆ, ಅವಳಿಗೆ ಮೂರು ಸೋಮವಾರ ಸಿಗ್ತಿತ್ತು. ಒಂದೊಂದು ಸೋಮವಾರ ಒಬ್ಬೊಬ್ಬ ಸೊಸೆ ಮುಚ್ಚು ರೊಟ್ಟಿ ಸುಡಬೇಕು. ಮುಚ್ಚು ರೊಟ್ಟಿ ನೀನು ತಿಂದಿಲ್ಲ, ಈಗ ಯಾರೂ ಮಾಡಲ್ಲ ಬಿಡು, ಅಷ್ಟು ಪುರುಸೊತ್ತು ಯಾರಿಗಿದೆ. ರಾಗಿ ಹಿಟ್ಟಿಗೆ ಕುದಿಯೋ ನೀರು ಹುಯ್ದು ಮಿದ್ದು, ಅಗಲವಾದ ಮಣ್ಣಿನ ಬಾಣಲೆಗೆ ಹುಚ್ಚೆಳ್ಳೆಣ್ಣೆ ಸವರಿ, ಅದರ ತಳಕ್ಕೆ ಒಂದು ರೊಟ್ಟಿ ತಟ್ಟಬೇಕು. ಅದರ ಮೇಲೆ ಬೆಲ್ಲ, ಹುರಿಗಡಲೆ ಪುಡಿ, ಎಳ್ಳು, ಮನೇಲಿ ಏನಿದೆಯೋ ಅದನ್ನ ಹರಡಬೇಕು. ಆಮೇಲೆ ಬಾಳೆ ಎಲೆ ಮೇಲೆ ಇನ್ನೊಂದು ರೊಟ್ಟಿ ತಟ್ಟಿ, ಅದನ್ನ ಮೇಲೆ ಮುಚ್ಚಿ, ಕಡುಬಿಗೆ ಒತ್ತೋ ಹಾಗೆ ಅಂಚು ಒತ್ತಬೇಕು. ಆಮೇಲೆ ಬಾಣಲೆ ಮೇಲೆ ಮಣ್ಣಿನ ಮುಚ್ಚಳ ಇಟ್ಟು, ಕೆಳಗೂ ಕೆಂಡ, ಮೇಲೂ ಕೆಂಡ. ಬೇಯೋವಾಗ ಬೆಲ್ಲ ಕರಗಿ ಒಳಗೇ ಗುಳುಗುಳು ಅಂತ ಸದ್ದು ಮಾಡುತ್ತಂತೆ.

ಅಂಗಡಿಯಿಂದ ಏನೂ ತರೋ ಹಾಗಿಲ್ಲ, ಪಕ್ಕದ ಮನೇಲಿ ಒಂದು ಚಿಟಿಕೆ ಉಪ್ಪೂ ಕೇಳೋ ಹಾಗಿಲ್ಲ. ಮನೆ ಮಡಕೆ ಕುಡಿಕೇಲಿ ಇರೋದ್ರಲ್ಲೇ ಆಗಬೇಕು, ಇರೋದ್ರಲ್ಲೇ ಮನೆ ಹೊಟ್ಟೆ ತುಂಬಿಸ್ತಾಳಾ ಅಂತ ನೋಡೋಕೆ. ಕಷ್ಟ ಅದಲ್ಲ. ಕಷ್ಟ ಇರೋದು ಅತ್ತೆಗೆ. ಸೊಸೆ ರೊಟ್ಟಿ ಮಾಡೋವಾಗ ಅತ್ತೆ ಅಲ್ಲೇ ಹತ್ರ ಕೂತಿರಬೇಕು, ಆದ್ರೆ ಕೈ ಹಾಕಬಾರದು, ಬಾಯೂ ಹಾಕಬಾರದು. ರೊಟ್ಟಿ ಸೀದುಹೋಗ್ಲಿ, ಹಸಿ ಉಳೀಲಿ, ಒಡೆದು ಚೂರಾಗ್ಲಿ, ಸೊಸೆ ಬಡಿಸಿದ್ದನ್ನ ಒಂದು ಕೊಂಕು ಮಾತಾಡದೆ ತಿಂದು ಮುಗಿಸಿದ್ರೆ ಅವತ್ತಿಂದ ಸೌಟು ಸೊಸೇದು. ಒಂದು ಬೆರಳು ತಾಗಿಸಿದ್ಲೋ, ಒಂದು ಮಾತು ಹೇಳಿಕೊಟ್ಲೋ, ಆ ರೊಟ್ಟಿ ಅತ್ತೆ ಮಾಡಿದ್ದು ಅಂತ ಲೆಕ್ಕ, ಸೌಟು ವಾಪಸ್ಸು ಅವಳ ಕೈಗೇ. ಮೂರು ಸೋಮವಾರವೂ ಹೀಗೇ ಹೋದ್ರೆ ಮುಂದಿನ ಸುಗ್ಗಿ ತನಕ ಕಾಯಬೇಕು. ಇದನ್ನೆಲ್ಲ ನೋಡ್ಕೊಳ್ಳೋಕೆ ಸಾಕ್ಷಿಗೆ ಒಬ್ಬಳು ಮುದುಕಿ ಬಂದು ಅಡಿಗೆಮನೆ ಹೊಸಿಲ ಮೇಲೆ ಕೂತಿರ್ತಿದ್ಲಂತೆ. ಪುಟ್ಟೀರಮ್ಮನ ಮನೆಗೆ ಬಂದೋಳು ಪಕ್ಕದ ಮನೆ ಸಣ್ಣಕ್ಕ. ಹಲ್ಲಿಲ್ಲದ ಬಾಯಲ್ಲಿ ಎಲೆ ಅಡಿಕೆ ಕುಟ್ಟಿ ಹಾಕ್ಕೊಂಡು, ಕಣ್ಣು ಮಾತ್ರ ಹದ್ದಿನ ಹಾಗೆ ಇಟ್ಕೊಂಡಿದ್ದ ಮುದುಕಿ.

ಆ ವರ್ಷ ಸುಗ್ಗಿ ಶುರುವಾದಾಗ ಪುಟ್ಟೀರಮ್ಮ ಗಂಡನ ಮುಂದೆ ನಿಂತು, ನನ್ನ ಕೈಲಿ ಇನ್ನು ಆಗಲ್ಲ, ಮುಂದಿನ ಸುಗ್ಗಿ ತನಕ ಈ ಹೊಗೇಲಿ ಕೂತ್ರೆ ನಾನು ಇಲ್ಲೇ ಸತ್ತುಹೋಗ್ತೀನಿ ಅಂದ್ಲಂತೆ. ಮಾದಯ್ಯ ಜಗಲಿ ಮೇಲೆ ಹಗ್ಗ ಹೊಸೀತಿದ್ದ. ತಲೆ ಎತ್ತದೆ, ಆಯ್ತು ಬಿಡು, ನಿನ್ನಿಷ್ಟ, ಇವತ್ತು ಸಾರೇನು ಅಂತ ಕೇಳಿದ್ನಂತೆ. ಗಂಡಸರು ಅಂದ್ರೆ ಹಂಗೇ. ಹೂಂ ಅನ್ನು, ಕೇಳಿಸ್ತಿದೆಯಾ?

ಮೊದಲನೇ ಸೋಮವಾರ ದೊಡ್ಡ ಸೊಸೆ ಸಿದ್ದಮ್ಮನ ಸರದಿ. ಸಿದ್ದಮ್ಮ ಒಳ್ಳೇ ಹೆಂಗಸು, ಆದ್ರೆ ಕೈ ಧಾರಾಳ, ಕೊಡೋದಿದ್ರೆ ಮೊರದ ತುಂಬ ಕೊಡೋಳು, ಬೈಯೋದಿದ್ರೆ ಬಾಯಿ ತುಂಬ ಬೈಯೋಳು. ಹಿಟ್ಟು ಚೆನ್ನಾಗಿ ಮಿದ್ದಳು, ಬೆಲ್ಲ ಧಾರಾಳವಾಗಿ ಸುರಿದಳು, ಅಂಚು ಒತ್ತಿದಳು. ಪುಟ್ಟೀರಮ್ಮ ಒಲೆ ಪಕ್ಕದಲ್ಲಿ ಮಣೆ ಮೇಲೆ ಕೂತು, ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು, ದೇವರೇ ಕಾಪಾಡು ಅಂತ ಸುಮ್ನೆ ನೋಡ್ತಿದ್ಲಂತೆ. ಎಲ್ಲ ಸರಿ ಇತ್ತು. ಆಮೇಲೆ ಸಿದ್ದಮ್ಮ ಮುಚ್ಚಳ ಮುಚ್ಚಿ, ಮೇಲೆ ಕೆಂಡ ಹಾಕಿದ್ಲು ನೋಡು, ಹಾಕಿದ್ಲು, ಇನ್ನೂ ಹಾಕಿದ್ಲು, ರಾಶಿ ಹಾಕಿಬಿಟ್ಲು. ಸ್ವಲ್ಪ ಹೊತ್ತಿಗೇ ಒಳಗಿಂದ ಬೆಲ್ಲ ಸೀಯೋ ವಾಸನೆ ಬಂತು.

ಪುಟ್ಟೀರಮ್ಮನ ಮೂಗಿಗೆ ಆ ವಾಸನೆ ತಾಗಿದ್ದೇ ತಡ, ಅವಳಿಗೇನೂ ಗೊತ್ತಿಲ್ಲ, ಅವಳ ಕೈಗೆ ಗೊತ್ತು. ಕೈ ತಾನಾಗೇ ತೊಡೆ ಕೆಳಗಿಂದ ಬಂತು, ಇಕ್ಕಳ ತಗೊಂಡ್ತು, ಮುಚ್ಚಳದ ಮೇಲಿನ ಕೆಂಡ ಎತ್ತಿ ಎತ್ತಿ ಪಕ್ಕಕ್ಕೆ ಹಾಕ್ತು. ಅಷ್ಟೂ ಆದಮೇಲೆ ಪುಟ್ಟೀರಮ್ಮ ನೋಡ್ತಾಳೆ, ಇಕ್ಕಳ ತನ್ನ ಕೈಲಿದೆ. ಹೊಸಿಲ ಮೇಲಿಂದ ಸಣ್ಣಕ್ಕ ಎಲೆ ಅಡಿಕೆ ಉಗಿದು ಬಂದು, ಮುಟ್ಟಿಬಿಟ್ಟೆಯಲ್ಲೇ ಪುಟ್ಟೀರಿ ಅಂದ್ಲಂತೆ. ಅಷ್ಟೇ. ರೊಟ್ಟಿ ಹದವಾಗಿ ಬಂದಿತ್ತು, ಮನೆಯವರೆಲ್ಲ ಬೆರಳು ನೆಕ್ಕಿ ತಿಂದ್ರು, ಆದ್ರೆ ಅದು ಪುಟ್ಟೀರಮ್ಮನ ರೊಟ್ಟಿ. ಅವಳೇ ಬಡಿಸಿದ್ಲು, ಕೊನೇಗೆ ತಣ್ಣಗಾದ ಅಂಚೊಂದು ನಿಂತ್ಕೊಂಡೇ ತಿಂದ್ಲು, ಆಮೇಲೆ ಬಾಣಲೆಗೆ ಹತ್ತಿದ್ದ ಸೀಕಲು ಕೆರೀತಾ ಕೂತ್ಲು. ಸಿದ್ದಮ್ಮ ಮುಖ ಊದಿಸ್ಕೊಂಡು ನೀರಿಗೆ ಹೋದಳಂತೆ.

ಎರಡನೇ ಸೋಮವಾರ ಬಂತು. ಈ ಸಲ ಪುಟ್ಟೀರಮ್ಮ ಹುಷಾರಾದ್ಲು. ಒಲೆ ಹತ್ರ ಕೂರಲೇ ಇಲ್ಲ, ನಡುಮನೆ ಕಂಬಕ್ಕೆ ಒರಗಿ, ಸಣ್ಣಕ್ಕನ ಕಣ್ಣಿಗೆ ಕಾಣೋ ಹಾಗೆ ಕೂತು, ಮುಖ ಆ ಕಡೆ ತಿರುಗಿಸ್ಕೊಂಡ್ಲು. ಅಷ್ಟು ಸಾಲದು ಅಂತ ಕೈ ಎರಡನ್ನೂ ಸೆರಗಲ್ಲಿ ಸುತ್ತಿ ಗಂಟು ಹಾಕ್ಕೊಂಡ್ಲಂತೆ. ಮಾದಯ್ಯ ಜಗಲಿಯಿಂದ ಬಗ್ಗಿ ನೋಡಿ, ಇದೇನು ಕಳ್ಳನನ್ನ ಕಟ್ಟಿದ ಹಾಗೆ ಕಟ್ಕೊಂಡಿದ್ದೀಯ ಅಂತ ನಕ್ಕ. ಅವಳಿಗೆ ನಗು ಬರಲಿಲ್ಲ. ಹೋದ ಸೋಮವಾರದ ಇಕ್ಕಳ ನೆನೆಸ್ಕೊಂಡ್ರೆ ಅವಳಿಗೆ ತನ್ನ ಕೈ ಕಂಡ್ರೇ ಭಯ ಆಗ್ತಿತ್ತು.

ಅವತ್ತು ನಡುವಿನ ಸೊಸೆ ಲಕ್ಕಮ್ಮನ ಸರದಿ. ಲಕ್ಕಮ್ಮ ಗಾಳಿ ಇದ್ದ ಹಾಗೆ, ಎಲ್ಲ ಬೇಗ, ಮಾತೂ ಬೇಗ, ಕೆಲಸವೂ ಬೇಗ. ನೀರು ಕುದಿಯೋಕೆ ಕಾಯ್ತಾಳಾ? ಅರ್ಧಂಬರ್ಧ ಕಾದ ನೀರನ್ನ ಒಂದಿಷ್ಟು ಚಿಮುಕಿಸಿ ಹಿಟ್ಟು ತಟ್ಟೋಕೆ ಶುರು ಮಾಡಿದ್ಲು. ಪುಟ್ಟೀರಮ್ಮ ನೋಡಲಿಲ್ಲ, ನೋಡದೆ ಇದ್ರೂ ಕಿವಿ ಇದೆಯಲ್ಲ. ಹದವಾದ ಹಿಟ್ಟು ತಟ್ಟಿದ್ರೆ ಮೆತ್ತಗೆ ತಪ್ಪ ತಪ್ಪ ಅನ್ನುತ್ತೆ, ಒಣ ಹಿಟ್ಟು ತಟ್ಟಿದ್ರೆ ಚಟಚಟ ಅನ್ನುತ್ತೆ. ಚಟಚಟ ಅಂತು. ಪುಟ್ಟೀರಮ್ಮ ಹಲ್ಲು ಕಚ್ಕೊಂಡ್ಲು. ಮತ್ತೆ ಚಟಚಟ ಅಂತು. ಹಿಂಗೇ ತಟ್ಟಿದ್ರೆ ಮೇಲಿನ ರೊಟ್ಟಿ ಬಿರುಕು ಬಿಡುತ್ತೆ, ಬೆಲ್ಲ ಎಲ್ಲ ಬಾಣಲೆಗೆ ಹರಿದು ಸೀದುಹೋಗುತ್ತೆ, ಮಕ್ಕಳು ಬಾಯಿ ಚಪ್ಪರಿಸ್ಕೊಂಡು ಕಾಯ್ತಾ ಕೂತಿವೆ. ಇಷ್ಟು ಅಂದ್ಕೊಳ್ತಿದ್ದ ಹಾಗೇ ಅವಳ ಬಾಯಿ, ಇನ್ನೊಂದು ಚಿಪ್ಪು ನೀರು ಹಾಕೇ ಲಕ್ಕಮ್ಮ ಅಂದುಬಿಡ್ತಂತೆ.

ಒಳಗೆ ತಟ್ಟೋ ಸದ್ದು ನಿಂತುಹೋಯ್ತು. ಸಣ್ಣಕ್ಕ ತಲೆ ಅಲ್ಲಾಡಿಸಿ ಎದ್ದು ಮನೆಗೆ ಹೊರಟ್ಲು. ಲಕ್ಕಮ್ಮ ಹಿಟ್ಟಿನ ಕೈಲೇ ಆಚೆ ಬಂದ್ಲು. ಬೈದಿದ್ರೆ ಪುಟ್ಟೀರಮ್ಮ ತಡ್ಕೊಳ್ತಿದ್ಲೇನೋ, ಆದ್ರೆ ಲಕ್ಕಮ್ಮ ಅಳ್ತಿದ್ಲಂತೆ. ನಮ್ಮವ್ವನ ಮನೇಲಿ ನಾನು ಮಾಡಿದ್ದನ್ನ ಎಲ್ಲರೂ ತಿಂತಿದ್ರು, ಇಲ್ಲಿಗೆ ಬಂದಾಗಿಂದ ಒಂದು ದಿನ ಒಂದು ಹಿಡಿ ಅಕ್ಕಿ ಬೇಯಿಸೋಕೆ ಬಿಟ್ಟಿಲ್ಲ ಅಂದ್ಲು. ಬಿರಿದ್ರೆ ಬಿರೀಲಿ, ನನ್ನ ರೊಟ್ಟಿ ಬಿರೀತಿತ್ತು, ನಿಮಗೇನಾಗ್ತಿತ್ತು ಅಂದ್ಲು. ಆಮೇಲೆ ಮೂಗು ಒರೆಸ್ಕೊಂಡು ಅತ್ತೆ ಮುಂದೆ ನಿಂತು ಒಂದು ಮಾತು ಕೇಳಿದ್ಲು.

"ನಿಜ ಹೇಳಿ ಅತ್ತೆ, ನಿಮಗೆ ಒಲೆ ಬಿಡೋಕೆ ಮನಸ್ಸಿದೆಯಾ, ಇಲ್ವಾ?"

ಪುಟ್ಟೀರಮ್ಮ ಸೆರಗಿನ ಗಂಟು ಬಿಚ್ಚೋಕೆ ನೋಡಿದ್ಲು, ಅದು ಬಿಗಿಯಾಗಿ ಕೂತಿತ್ತು, ಬಿಚ್ಚೋಕೆ ಬರಲಿಲ್ಲ. ಮನಸ್ಸಿದೆ ಕಣೆ, ಈ ಕೈ ಬಾಯಿ ನನ್ನ ಮಾತು ಕೇಳಲ್ಲ ಅಂದ್ಲಂತೆ. ಲಕ್ಕಮ್ಮ ನಂಬಿದ್ಲೋ ಇಲ್ವೋ, ಬಗ್ಗಿ ಗಂಟು ಬಿಚ್ಚಿಕೊಟ್ಟು ಒಳಗೆ ಹೋದ್ಲು. ಅವತ್ತೂ ಪುಟ್ಟೀರಮ್ಮನೇ ಎದ್ದು ಹಿಟ್ಟಿಗೆ ನೀರು ಹಾಕಿ ಮಿದ್ದು ರೊಟ್ಟಿ ಸುಟ್ಲು, ಅವಳೇ ಬಡಿಸಿದ್ಲು. ಎಂದೂ ಇಲ್ಲದ ದುಃಖ ಅವತ್ತು ಅವಳಿಗೆ ಬಂತಂತೆ. ಬೇರೆ ಯಾರೋ ಕಟ್ಟಿಹಾಕಿದ್ರೆ ಬೈದುಕೊಳ್ಳಬಹುದು, ತಾನೇ ತನ್ನನ್ನ ಬಿಡ್ತಿಲ್ಲ ಅಂದ್ರೆ ಯಾರನ್ನ ಬೈಯೋದು.

ಆಮೇಲೆ ಏನಾಯ್ತು ಗೊತ್ತಾ? ಕಣ್ಣು ಮುಚ್ಚಬೇಡ, ಇನ್ನು ಒಬ್ಬಳೇ ಸೊಸೆ ಉಳಿದಿರೋದು.

ಮೂರನೇ ಸೋಮವಾರದ ಹಿಂದಿನ ದಿನ ಕಣದ ಕೆಲಸ ಮುಗೀತು. ರಾಗಿ ಎಲ್ಲ ತೂರಿ ರಾಶಿ ಮಾಡಿ ಮನೆಗೆ ತಂದ್ರು. ಕಣ ಮುಗಿದ ದಿನ ಆಳುಗಳಿಗೆಲ್ಲ ಹೊಟ್ಟೆ ತುಂಬ ಸಿಹಿ ಊಟ ಹಾಕಬೇಕು. ಪುಟ್ಟೀರಮ್ಮ ಕೋಳಿ ಕೂಗೋಕೆ ಮುಂಚೆ ಎದ್ದು, ಪಾಯಸ, ಕಡುಬು, ಕಾಳು ಸಾರು, ಮುದ್ದೆ ಮೇಲೆ ಮುದ್ದೆ, ಒಬ್ಬಳೇ ಬೇಯಿಸಿ ಬಡಿಸಿ ಪಾತ್ರೆ ಬೆಳಗೋ ಹೊತ್ತಿಗೆ ಸೊಂಟ ನೆಟ್ಟಗೆ ನಿಲ್ಲಲಿಲ್ಲವಂತೆ. ಮಾರನೇ ದಿನ ಎದ್ದು ಮತ್ತೆ ಅಂಬಲಿ ಕಾಸಿದ್ಲು, ಮತ್ತೆ ಎಲ್ಲರಿಗೂ ಹಾಕಿದ್ಲು. ಅಷ್ಟು ಹೊತ್ತಿಗೆ ಸಣ್ಣಕ್ಕ ಬಂದು ಹೊಸಿಲ ಮೇಲೆ ಕೂತೇ ಬಿಟ್ಟಿದ್ಲು.

ಕೊನೇ ಸೊಸೆ ಚೌಡಮ್ಮ. ಇನ್ನೂ ಎಳೇ ಹುಡುಗಿ, ಮೊನ್ನೆ ಮೊನ್ನೆ ಮದುವೆಯಾಗಿ ಬಂದೋಳು. ಅವಳ ತೌರು ಹೊಳೆ ಪಕ್ಕದ ಊರು, ಬರೀ ಅನ್ನ ಉಣ್ಣೋ ಸೀಮೆ. ರಾಗಿ ಹಿಟ್ಟಿಗೆ ನೀರು ಎಷ್ಟು ಹಿಡಿಯುತ್ತೆ ಅಂತಲೇ ಗೊತ್ತಿಲ್ಲ, ಇನ್ನು ಮೇಲೆ ಕೆಂಡ ಹಾಕಿ ಸುಡೋ ರೊಟ್ಟಿ ಅವಳಪ್ಪನಾಣೆ ನೋಡಿಲ್ಲ. ಇದು ಆಗೋ ಹೋಗೋ ಮಾತಲ್ಲ ಅಂತ ಪುಟ್ಟೀರಮ್ಮನಿಗೆ ಗೊತ್ತಾಗಿಹೋಯ್ತು. ದೊಡ್ಡೋಳು ಕೆಂಡ ಜಾಸ್ತಿ ಹಾಕಿದ್ದಕ್ಕೇ ತಡ್ಕೊಳ್ಳೋಕಾಗಲಿಲ್ಲ, ನಡುವಿನೋಳು ನೀರು ಕಮ್ಮಿ ಹಾಕಿದ್ದಕ್ಕೇ ತಡ್ಕೊಳ್ಳೋಕಾಗಲಿಲ್ಲ, ಇವಳು ಹೆಜ್ಜೆ ಹೆಜ್ಜೆಗೂ ತಪ್ಪು ಮಾಡ್ತಾಳೆ, ನಾನು ಹೆಜ್ಜೆ ಹೆಜ್ಜೆಗೂ ಬಾಯಿ ಹಾಕ್ತೀನಿ, ಇನ್ನೊಂದು ವರ್ಷ ನನ್ನ ಹಣೇಲಿ ಬರೆದಾಗಿದೆ ಅಂದ್ಕೊಂಡ್ಲಂತೆ. ಕೈ ಕಟ್ಕೊಳ್ಳಲಿಲ್ಲ, ಮುಖ ತಿರುಗಿಸಲಿಲ್ಲ. ಅಡಿಗೆಮನೆ ಬಾಗಿಲ ಪಕ್ಕದ ಗೋಡೆಗೆ ಒರಗಿ ಧೊಪ್ಪಂತ ಕೂತ್ಲು.

ಚೌಡಮ್ಮ ಬೆಲ್ಲದ ಮಡಕೆ ತೆಗೆದು ನೋಡ್ತಾಳೆ, ಬೆಲ್ಲ ಇಲ್ಲ. ಎಲ್ಲ ನಿನ್ನೆ ಪಾಯಸಕ್ಕೆ ಹೋಗಿದೆ. ಎಳ್ಳಿನ ಕುಡಿಕೆ ನೋಡ್ತಾಳೆ, ಅದೂ ಖಾಲಿ. ಹುರಿಗಡಲೆ ಒಂದು ಹಿಡಿ ಇತ್ತು. ಹುಡುಗಿ ಅಳು ಬರೋ ಹಾಗೆ ಅತ್ತೆ ಮುಖ ನೋಡಿದ್ಲು, ಅತ್ತೆ ಹೇಳೋ ಹಾಗಿಲ್ಲವಲ್ಲ. ಆಮೇಲೆ ಖಾಲಿ ಬೆಲ್ಲದ ಮಡಕೆಗೆ ಬಿಸಿ ನೀರು ಹುಯ್ದು, ಕೈ ಹಾಕಿ ತಿಕ್ಕಿ ತಿಕ್ಕಿ ಅಂಚಿಗೆ ಅಂಟಿದ್ದ ಬೆಲ್ಲವನ್ನೆಲ್ಲ ಕರಗಿಸಿದ್ಲು. ಅಟ್ಟದ ಮೇಲೆ ಹತ್ತಿ, ಯಾವಾಗಿನದ್ದೋ ಒಂದು ಸಿಹಿಗುಂಬಳ ಬಿದ್ದಿತ್ತು, ಅದನ್ನ ಇಳಿಸ್ಕೊಂಡು ಬಂದು, ತುರಿದು, ಆ ಬೆಲ್ಲದ ನೀರಲ್ಲಿ ಬೇಯಿಸೋಕೆ ಇಟ್ಲು.

ಪುಟ್ಟೀರಮ್ಮ ಇಷ್ಟು ನೋಡಿದ್ಲು. ಪರವಾಗಿಲ್ವೇ ಹುಡುಗಿ ಅಂತ ಮನಸ್ಸಿಗೆ ಬಂತು. ಕುಂಬಳಕಾಯಿ ಬೇಯೋ ವಾಸನೆ, ಬೆನ್ನ ಹಿಂದೆ ತಣ್ಣನೆ ಗೋಡೆ, ಕಾಲು ತಾನಾಗೇ ಉದ್ದಕ್ಕೆ ಚಾಚಿಕೊಂಡ್ತು. ಕಣ್ಣು ಉರೀತಿತ್ತು, ಒಂದು ಗಳಿಗೆ ಮುಚ್ಚಿದ್ರೆ ಉರಿ ಆರುತ್ತೆ, ಅಷ್ಟೇ, ಮತ್ತೆ ತೆಗೀತೀನಿ ಅಂದ್ಕೊಂಡು ಮುಚ್ಚಿದ್ಲಂತೆ.

ಮುಂದಿನದ್ದೆಲ್ಲ ಅವಳಿಗೆ ಆಮೇಲೆ ಮನೆಯವರು ಹೇಳಿ ಗೊತ್ತಾಗಿದ್ದು. ಚೌಡಮ್ಮ ಹಿಟ್ಟಿಗೆ ನೀರು ಜಾಸ್ತಿ ಹುಯ್ದುಬಿಟ್ಲಂತೆ. ಅದು ಅಂಟಂಟಾಗಿ ಕೈಗೆ ಮೆತ್ತಿಕೊಂಡು, ತಟ್ಟಿದ್ರೆ ತಟ್ಟಿಸ್ಕೊಳ್ಳಲಿಲ್ಲ. ಬಾಣಲೆಗೆ ಸುರಿದು ಕೈಲಿ ಸವರಿದ್ಲು. ಮೇಲಿನ ರೊಟ್ಟಿ ಬಾಳೆ ಎಲೆ ಬಿಟ್ಟು ಬರಲೇ ಇಲ್ಲ, ಹರಿದು ಹರಿದು ಬಂತು, ಹರಿದ ಚೂರುಗಳನ್ನೇ ತೇಪೆ ಹಾಕಿದ ಹಾಗೆ ಅಂಟಿಸಿದ್ಲು. ಉಪ್ಪು ಮರೆತೇಹೋಯ್ತು. ಕೆಳಗೆ ಉರಿ ಹೆಚ್ಚಾಗಿ ತಳ ಹತ್ತಿ ಅಡಿಗೆಮನೆ ತುಂಬ ಹೊಗೆ ಎದ್ದುಬಿಡ್ತು. ಸಿದ್ದಮ್ಮ, ಲಕ್ಕಮ್ಮ ಇಬ್ಬರೂ ಓಡಿ ಬಂದು ಬಾಗಿಲಲ್ಲಿ ನಿಂತು ನೋಡ್ತಾರೆ, ಪಕ್ಕದಲ್ಲೇ ಅತ್ತೆ ಕಾಲು ಚಾಚಿ, ಬಾಯಿ ತೆರೆದು, ಗೋಡೆಗೆ ಒರಗಿ ನಿದ್ದೆ ಹೋಗಿದ್ದಾರೆ. ಸೀದ ವಾಸನೆ ಮೂಗಿಗೆ ಹೊಡೀತಿದೆ, ಅತ್ತೆಗೆ ಎಚ್ಚರವೇ ಇಲ್ಲ. ಲಕ್ಕಮ್ಮ ಎಬ್ಬಿಸೋಕೆ ಬಗ್ಗಿದ್ಲು. ಹೊಸಿಲ ಮೇಲಿಂದ ಸಣ್ಣಕ್ಕ ಬಾಯಲ್ಲಿ ಎಲೆ ಅಡಿಕೆ ತುಂಬ್ಕೊಂಡಿದ್ಲು, ಕೈ ಎತ್ತಿ ಬೇಡ ಅಂದ್ಲಂತೆ.

ಆಗ ಹೊಗೆ ಕಂಡು ಮಾದಯ್ಯ ಜಗಲಿಯಿಂದ ಒಳಗೆ ಬಂದ. ಮದುವೆಯಾಗಿ ಅಷ್ಟು ವರ್ಷವಾಗಿತ್ತು, ಹಗಲು ಹೊತ್ತು ಹೆಂಡತಿ ಕಣ್ಣು ಮುಚ್ಚಿದ್ದನ್ನ ಅವನು ನೋಡೇ ಇರಲಿಲ್ಲ. ಹೋಗಿಬಿಟ್ಲು ಅಂದ್ಕೊಂಡ. ಮುಂದಿನ ಸುಗ್ಗಿಗೆ ಮುಂಚೆ ಸತ್ತುಹೋಗ್ತೀನಿ ಅಂತ ಹೇಳಿದ್ಲಲ್ಲ, ನಾನು ಹಗ್ಗ ಹೊಸೀತಾ ಸಾರೇನು ಅಂತ ಕೇಳಿದ್ನಲ್ಲ ಅಂತ ನೆನೆಸ್ಕೊಂಡ್ನಂತೆ. ಕೈಯನ್ನ ಅವಳ ಮೂಗಿನ ಕೆಳಗೆ ಹಿಡಿದ. ಪುಟ್ಟೀರಮ್ಮ ಗೊರ್ ಅಂತ ಗೊರಕೆ ಹೊಡೆದ್ಲು. ಮಾದಯ್ಯ ಅಲ್ಲೇ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟು, ಮೊಮ್ಮಕ್ಕಳು ಗಲಾಟೆ ಮಾಡೋಕೆ ಬಂದ್ರೆ ಕಣ್ಣು ದೊಡ್ಡದು ಮಾಡಿ ಆಚೆ ಕಳಿಸಿದ್ನಂತೆ.

ಅದೆಷ್ಟು ಹೊತ್ತು ಹಾಗೆ ಹೋಯ್ತೋ. ಹೊಗೆ ಕರಗ್ತು. ಪುಟ್ಟೀರಮ್ಮನಿಗೆ ಯಾರೋ ಭುಜ ಮುಟ್ಟಿದ ಹಾಗಾಯ್ತು. ಕಣ್ಣು ಬಿಟ್ರೆ ಎದುರಿಗೆ ಚೌಡಮ್ಮ ಕೂತಿದ್ದಾಳೆ, ಮೂಗಿನ ಮೇಲೆ ಮಸಿ, ಮೊಣಕೈ ತನಕ ಹಿಟ್ಟು, ಕೈಲಿ ಮುತ್ತುಗದ ಎಲೆ.

"ಅತ್ತೆ, ಏಳಿ, ಬಿಸಿ ಇರೋವಾಗ್ಲೇ ಒಂಚೂರು ತಿನ್ನಿ."

ಪುಟ್ಟೀರಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ನಾನು ಎಲ್ಲಿದ್ದೀನಿ, ಯಾವ ಹೊತ್ತು, ಯಾರಿಗೆ ಹೇಳ್ತಿದ್ದಾಳೆ ಇವಳು. ಆಮೇಲೆ ನೋಡ್ತಾಳೆ, ಎಲೆ ಮೇಲೆ ಒಂದು ತುಂಡು ರೊಟ್ಟಿ. ತಳ ಕಪ್ಪಗೆ ಸೀದಿದೆ, ಮೇಲೆ ತೇಪೆ ತೇಪೆ, ಒಂದು ಕಡೆ ಕುಂಬಳಕಾಯಿ ಆಚೆ ಬಂದಿದೆ, ಇನ್ನೊಂದು ಕಡೆ ಹಸಿ ಹಸಿ. ಅದರಿಂದ ಹಬೆ ಮಾತ್ರ ಆಡ್ತಿತ್ತು. ಸುತ್ತ ನೋಡ್ತಾಳೆ, ಗಂಡ ಪಕ್ಕದಲ್ಲಿ ಕೂತಿದ್ದಾನೆ, ಸಿದ್ದಮ್ಮ, ಲಕ್ಕಮ್ಮ ಬಾಗಿಲಲ್ಲಿ ನಿಂತಿದ್ದಾರೆ, ಸಣ್ಣಕ್ಕ ಹೊಸಿಲ ಮೇಲೆ ಎಲೆ ಅಡಿಕೆ ಜಗಿಯೋದನ್ನೇ ನಿಲ್ಲಿಸಿದ್ದಾಳೆ. ಪುಟ್ಟೀರಮ್ಮ ಇವತ್ತು ಕೈ ಹಾಕಿಲ್ಲ, ಬಾಯಿ ಹಾಕಿಲ್ಲ. ಇನ್ನು ಉಳಿದಿರೋದು ತಿನ್ನೋದೊಂದೇ.

ಒಂದು ಚೂರು ಮುರಿದು ಬಾಯಿಗಿಟ್ಲಂತೆ. ಉಪ್ಪಿಲ್ಲ. ತಳ ಕಹಿ. ಹಿಟ್ಟು ಬೆಂದಿಲ್ಲ. ಉಪ್ಪು ಹಾಕೋದು ಮರೆತೆಯಲ್ಲೇ ಅನ್ನೋ ಮಾತು ನಾಲಗೆ ತುದಿಗೆ ಬಂದು ನಿಂತಿತ್ತು. ಇಷ್ಟು ವರ್ಷ ಅಡಿಗೆ ಮಾಡಿದ ನಾಲಗೆ ಅದು, ಸುಮ್ನಿರುತ್ತಾ. ಲಕ್ಕಮ್ಮನಂತೂ ಅತ್ತೆ ಬಾಯನ್ನೇ ನೋಡ್ತಿದ್ಲಂತೆ. ಪುಟ್ಟೀರಮ್ಮ ಆ ಮಾತನ್ನ ರೊಟ್ಟಿ ಜೊತೆಗೇ ನುಂಗಿದ್ಲು. ಬಿಸಿ ಗಂಟಲಲ್ಲಿ ಇಳೀತು, ಎದೇಲಿ ಇಳೀತು, ಹೊಟ್ಟೆಗೆ ಹೋಗಿ ಬೆಚ್ಚಗೆ ಕೂತ್ಕೊಂಡ್ತು. ಅವಳಿಗೆ ಅಳು ಬಂದುಬಿಡ್ತು. ಅಳ್ತಾ ಅಳ್ತಾನೇ ಇನ್ನೊಂದು ಚೂರು ಮುರಿದ್ಲು, ಮತ್ತೊಂದು ಮುರಿದ್ಲು, ಸೀದ ತಳವನ್ನೂ ಬಿಡಲಿಲ್ಲ. ಎಲೆ ಖಾಲಿಯಾಯ್ತು. ಚೌಡಮ್ಮ ಹೆದರ್ಕೊಂಡು, ಚೆನ್ನಾಗಿಲ್ವಾ ಅತ್ತೆ ಅಂತ ಕೇಳಿದ್ಲಂತೆ. ಪುಟ್ಟೀರಮ್ಮ ಖಾಲಿ ಎಲೆಯನ್ನ ಅವಳ ಕಡೆ ಚಾಚಿದ್ಲು.

"ಇನ್ನೊಂಚೂರು ಹಾಕವ್ವ."

ಆ ಮನೆಗೆ ಬಂದಾಗಿಂದ ಅವಳು ಯಾರ ಹತ್ರವೂ ಇನ್ನೊಂಚೂರು ಅಂತ ಕೇಳಿರಲಿಲ್ಲ. ಕೇಳೋಕೆ ಬಡಿಸೋರು ಯಾರಿದ್ರು ಹೇಳು. ಮಾದಯ್ಯ ಆ ಮಾತು ಕೇಳಿ ತಲೆ ತಗ್ಗಿಸ್ಕೊಂಡ್ನಂತೆ. ಸಣ್ಣಕ್ಕ ಮಂಡಿ ಹಿಡ್ಕೊಂಡು ಎದ್ದು, ಆಯ್ತು ಕಣ್ರಮ್ಮ, ಸೌಟು ಅವಳಿಗೆ ಕೊಡಿ, ನನಗೂ ಒಂಚೂರು ರೊಟ್ಟಿ ಕೊಡಿ, ಹಸೀದಿರೋ ಕಡೆಯದ್ದು ಕೊಡಿ, ಹಲ್ಲಿಲ್ಲ ಅಂದ್ಲಂತೆ.

ಆಮೇಲೆ ಏನು, ಎಲ್ಲ ಸರಿಹೋಯ್ತಾ ಅಂದ್ರೆ, ಎಲ್ಲಿ ಸರಿಹೋಗುತ್ತೆ. ಕೊನೇ ಸೊಸೆ ಕೈಗೆ ಸೌಟು ಬಂತು ಅಂತ ದೊಡ್ಡೋರಿಬ್ಬರಿಗೂ ಸ್ವಲ್ಪ ದಿನ ಉರಿ ಇತ್ತು. ಆದ್ರೆ ಚೌಡಮ್ಮನ ಸಾರು ಉಂಡು ಉಂಡು ಸಾಕಾಗಿ, ಸಿದ್ದಮ್ಮ ಒಂದು ದಿನ ತಾನೇ ಒಳಗೆ ಹೋಗಿ ಖಾರ ಎಷ್ಟು ಹಾಕಬೇಕು ಅಂತ ತೋರಿಸಿದ್ಲು, ಲಕ್ಕಮ್ಮ ಇನ್ನೊಂದು ದಿನ ಹೋಗಿ ಮುದ್ದೆ ತೊಳಸಿಕೊಟ್ಲು. ಒಂದು ಮನೆಗೆ ಒಂದೇ ಸೌಟು ಅಂತ ಇದ್ರೂ, ಆ ಮನೇಲಿ ಅದು ದಿನಾ ಮೂರು ಕೈ ಸುತ್ತಾಡ್ತಿತ್ತಂತೆ. ಒಳಗೆ ಆಗಾಗ ಪಾತ್ರೆ ಬೀಳೋ ಸದ್ದು, ಜಗಳದ ಸದ್ದು, ನಗೋ ಸದ್ದು. ಪುಟ್ಟೀರಮ್ಮ ಜಗಲಿ ಮೇಲೆ ಗಂಡನ ಪಕ್ಕ ಕೂತು ಎಲ್ಲ ಕೇಳಿಸ್ಕೊಳ್ತಿದ್ಲು. ಎದ್ದು ಹೋಗ್ತಿರಲಿಲ್ಲ. ಮೊದಮೊದಲು ಕಷ್ಟ ಆಯ್ತಂತೆ, ಸುಳ್ಳು ಯಾಕೆ ಹೇಳಲಿ.

ರೊಟ್ಟಿ ತಿಂದ ಮಾರನೇ ದಿನ ಬೆಳಗಿನ ಜಾವ, ಕೋಳಿ ಕೂಗೋಕೆ ಮುಂಚೆಯೇ ಅವಳಿಗೆ ಎಚ್ಚರವಾಗಿತ್ತು. ಅಭ್ಯಾಸ ಎಲ್ಲಿ ಹೋಗುತ್ತೆ. ಎದ್ದು, ಕೂದಲು ಗಂಟು ಹಾಕ್ಕೊಂಡು, ಗೋಡೆ ಹಿಡ್ಕೊಂಡು ಅಡಿಗೆಮನೆ ಬಾಗಿಲ ತನಕ ಬಂದ್ಲು. ನೋಡ್ತಾಳೆ, ಒಳಗೆ ಆಗ್ಲೇ ಒಲೆ ಉರೀತಿದೆ, ಚೌಡಮ್ಮ ಕೆಮ್ಮುತ್ತಾ ಊದುಕೊಳವೆ ಊದ್ತಿದ್ದಾಳೆ. ಪುಟ್ಟೀರಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತ್ಲು. ಸೌದೆ ಹಸೀದಿತ್ತು, ಒಳಗೆ ಹೋಗಿ ಬದಲಾಯಿಸಬಹುದಿತ್ತು. ಹೋಗಲಿಲ್ಲ. ಸದ್ದಾಗದ ಹಾಗೆ ತಿರುಗಿ ಬಂದು, ಕಂಬಳಿ ಎಳ್ಕೊಂಡು, ಇನ್ನೂ ಬೆಚ್ಚಗಿದ್ದ ಹಾಸಿಗೇಲಿ ಮತ್ತೆ ಮಲಗಿದ್ಲಂತೆ, ಬಿಸಿಲು ಬರೋ ತನಕ.

ಕತೆ ಅಲ್ಲಿಗೆ ಮುಗೀತು ಕಣವ್ವ. ಅವಳೂ ಮಲಗಿದ್ಲು, ನೀನೂ ಮಲಕ್ಕೋ, ನಾನೂ ಮಲಗ್ತೀನಿ.